ರೈಲಿಗೊಂದು ಮರೆ

ಕೋಣೆಯಲ್ಲಿ ಮಾದರಿ ರೈಲು ಕಟ್ಟಲು ಹೊರಟವರನ್ನು ಮೊದಲು ಕಾಡುವುದು ಹಳಿಯೂ ಅಲ್ಲ, ಎಂಜಿನ್ನೂ ಅಲ್ಲ, ಗೋಡೆ. ನೀವೇ ಲೆಕ್ಕ ಹಾಕಿ. ಬ್ರಿಟನ್ನಿನಲ್ಲಿ ಬಹಳ ಜನ ಬಳಸುವ ಓಓ ಅಳತೆಯೆಂದರೆ ಅಸಲಿನ 76ನೇ ಒಂದು ಪಾಲು. ಆ ಲೆಕ್ಕಕ್ಕೆ ಒಂದು ಕಿಲೋಮೀಟರ್ ಹಳಿ ಹಾಸಲು 13 ಮೀಟರ್ ಉದ್ದದ ಮೇಜು ಬೇಕು! ಅಂಥ ಕೋಣೆ ಯಾರ ಮನೆಯಲ್ಲಿದೆ? ಮೇಜು ಮುಗಿದರೂ ಊರು ಮುಗಿಯಿತೆಂದು ನೋಡುವವರಿಗೆ ಅನ್ನಿಸಬಾರದು. ಅದಕ್ಕೇ ರೈಲಿಗೊಂದು ಮರೆ ಬೇಕು.

ಹಳ್ಳಿಗಾಡಾದರೆ ಒಂದು ಗುಡ್ಡ, ಒಂದು ಸುರಂಗ, ಕೆಲಸ ಮುಗಿಯಿತು. ನಡುಪೇಟೆಯಲ್ಲಿ ಗುಡ್ಡ ತಂದಿಟ್ಟರೆ ಯಾರು ನಂಬುತ್ತಾರೆ? ಆದರೆ ಪೇಟೆಯಲ್ಲಿ ಮರೆಗೇನು ಬರವೇ? ಮಾದರಿ ರೈಲಿಗೆ ನಕ್ಷೆ ಬರೆಯುತ್ತಿದ್ದ ಸಿರಿಲ್ ಫ್ರೀಜರ್ 1957ರಲ್ಲಿ ‘ಮೈನರೀಸ್’ ಎಂಬ ನಕ್ಷೆ ಪ್ರಕಟಿಸಿದರು. ಪುಟ್ಟ ಜಾಗದಲ್ಲೊಂದು ಲಂಡನ್ ನಿಲ್ದಾಣ. ಹೊರಟ ಗಾಡಿ ರಸ್ತೆಯ ಸೇತುವೆಯಡಿ ನುಸುಳಿದರೆ ಆಯಿತು. ಆಚೆಗಿರುವುದು ಡಬ್ಬಿಗಳನ್ನು ಕೈಯಿಂದ ಅದಲುಬದಲು ಮಾಡುವ ಬರಿಯ ಹಲಗೆ. ನಮ್ಮ ಕಂಪನಿ ನಾಟಕಗಳಲ್ಲಿ ರಾಜ ಸೈಡ್‌ವಿಂಗಿನ ಹಿಂದೆ ಸರಿದರೆ ಅಂತಃಪುರಕ್ಕೇ ಹೋದನೆಂದು ನಾವು ನಂಬುತ್ತಿರಲಿಲ್ಲವೇ? ಹಾಗೆಯೇ ಇದೂ. ಆ ಸೇತುವೆಯ ಮೇಲೊಂದು ಕೆಂಪು ಡಬಲ್ ಡೆಕ್ಕರ್ ಬಸ್ಸು ನಿಲ್ಲಿಸಿ. ಕಣ್ಣು ಬಸ್ಸಿನ ಮೇಲೆ ಕೂರುತ್ತದೆ, ಕೆಳಗಿನ ಕಿಂಡಿಯತ್ತ ಹೋಗುವುದಿಲ್ಲ.

ಲಂಡನ್ ಎಂದಾಗ ನೆನಪಾಯಿತು. ಅಸಲಿ ರೈಲಿನವರೂ ಇದೇ ಉಪಾಯ ಮಾಡಿದ್ದಾರೆ ಗೊತ್ತೇ? 1860ರ ದಶಕದಲ್ಲಿ ಮೆಟ್ರೊಪಾಲಿಟನ್ ರೈಲ್ವೆಯವರು ಬೇಸ್‌ವಾಟರ್ ಭಾಗದಲ್ಲಿ ನೆಲದಡಿ ಹಳಿ ಹಾಕಿದರು. ಓಡುತ್ತಿದ್ದುದು ಉಗಿ ಎಂಜಿನ್. ಹೊಗೆ, ಹಬೆ ಬಿಡಲು ಅಲ್ಲಲ್ಲಿ ಬಾಯಿ ತೆರೆದಿರಲೇಬೇಕು. ಅದಕ್ಕಾಗಿ ಲೀನ್‌ಸ್ಟರ್ ಗಾರ್ಡನ್ಸ್ ಬೀದಿಯ 23 ಮತ್ತು 24ನೇ ಮನೆಗಳು ಹೋದವು. ಸಾಲು ಮುಕ್ಕಾಗಬಾರದಲ್ಲ? ಅಕ್ಕಪಕ್ಕದ ಮನೆಗಳಂಥದೇ ಮುಖವನ್ನು ಅಲ್ಲಿ ಕಟ್ಟಿ ನಿಲ್ಲಿಸಿದರು. ಕಂಬವುಂಟು, ಬಾಲ್ಕನಿಯುಂಟು, ಬಾಗಿಲೂ ಉಂಟು. ಕಿಟಕಿಗೆ ಮಾತ್ರ ಗಾಜಿನ ಬದಲು ಬೂದು ಬಣ್ಣ. ಹಿಂದಕ್ಕೆ ಹೋಗಿ ನೋಡಿದರೆ ಗುಂಡಿ, ಗುಂಡಿಯಲ್ಲಿ ಹಳಿ. ಇಂದಿಗೂ ಇದೆ.

ಮೇಜಿನ ಮೇಲಿನ ಪೇಟೆಯೂ ಬಹುಪಾಲು ಹೀಗೆ ಬರಿಯ ಮುಖಗಳದ್ದೇ. ಹಿಂಗೋಡೆಗೆ ಒರಗಿದ ಗೋದಾಮು ಎರಡು ಬೆರಳು ದಪ್ಪವಿದ್ದರೂ ಸಾಕು. ಕಿಂಗ್ಸ್ ಕ್ರಾಸ್ ಸುತ್ತಲಿನ ಲಂಡನ್ನನ್ನು ಕಡೆದಿಟ್ಟ ‘ಕೋಪನ್‌ಹೇಗನ್ ಫೀಲ್ಡ್ಸ್’ ಮಾದರಿಯಲ್ಲಂತೂ ಹಿಂದೆ ಹಿಂದೆ ಹೋದಂತೆ ಮನೆಗಳ ಅಳತೆಯನ್ನೇ ಕಿರಿದು ಮಾಡಿದ್ದಾರೆ. ಕೆಲವೇ ಅಡಿಗಳಲ್ಲಿ ಮೈಲಿಗಟ್ಟಲೆ ನಗರ ಹರಡಿಕೊಳ್ಳುತ್ತದೆ. ಹಿಂದಿನ ಸಾಲಿಗೆ ಬಣ್ಣವೂ ತುಸು ಮಸುಕಾಗಿರಬೇಕು, ದೂರದ್ದೆಲ್ಲ ಹಾಗೇ ಕಾಣುವುದಲ್ಲವೇ?

ಆದ್ದರಿಂದ ಮೇಜಿನಲ್ಲಿ ಗೇಣಗಲ ಜಾಗ ಉಳಿದು, ಅಲ್ಲಿ ಇನ್ನೊಂದು ಹಳಿ ಹಾಕಲೋ ಮನೆಸಾಲು ಕಟ್ಟಲೋ ಎಂದು ಯಾರಾದರೂ ಕೇಳಿದರೆ, ಮನೆಸಾಲನ್ನೇ ಕಟ್ಟಿ ಎನ್ನುತ್ತೇನೆ. ಇರುವ ಹಳಿಯೇ ಅದರ ಹಿಂದೆ ಹಾದುಬಂದು ಇನ್ನಷ್ಟು ಉದ್ದವಾಗುತ್ತದೆ.