ಹತ್ತೊಂಬತ್ತನೇ ಗೇಟಿನಿಂದ ಕಂಪ್ಲಿ ಕಾಲುವೆವರೆಗೆ

ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಯಲ್ಲಿ ನಮ್ಮನ್ನು ಇಳಿಸಿದಾಗ ಬೆಳಗಿನ ಬಿಸಿಲಿಗೆ ಆಗಲೇ ಮಧ್ಯಾಹ್ನದ ಗತ್ತು. ತೀರ್ಥಹಳ್ಳಿ ಕಡೆಯ ನಮಗೆ ಭಾದ್ರಪದವೆಂದರೆ ಇನ್ನೂ ಛತ್ರಿ ಬಿಡದ ತಿಂಗಳು. ಇಲ್ಲಿ ಸ್ಟೇಷನ್ನಿನ ಹೊರಗೆ ಛತ್ರಿ ಬಿಚ್ಚಿದವರು ನಾವಿಬ್ಬರೇ, ಅದೂ ಬಿಸಿಲಿಗೆ. ನಮ್ಮಲ್ಲಿ ಕಡುಬು ತಿನ್ನುವ ಹೊತ್ತಿಗೆ ಇಲ್ಲಿನವರು ಮಂಡಕ್ಕಿ ಒಗ್ಗರಣೆಗೆ ಮೆಣಸಿನಕಾಯಿ ಬಜ್ಜಿ ಕಚ್ಚಿಕೊಂಡು ಕೂತಿದ್ದಾರೆ. ‘ಖಾರ ಇಲ್ರಿ ಸರ, ತಿನ್ರಿ’ ಎಂದ ಹೋಟೆಲಿನವನ ಮಾತು ನಂಬಿದೆ. ಕಣ್ಣೀರು ಒರೆಸಿಕೊಳ್ಳಲು ಎರಡು ಲೋಟ ಚಹಾ ಬೇಕಾಯಿತು.

ಜೊತೆಗಿದ್ದವಳು ಅಕ್ಕನ ಮಗಳು. ಎಂಬಿಎ ಮುಗಿಸಿದ್ದಾಳೆ, ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿ ಕೆಲಸಕ್ಕೆ ಕರೆದಿದೆ. ತಿಂಗಳ ಕೊನೆಗೆ ಹೌದು, ಅಲ್ಲ ಹೇಳಬೇಕು. ‘ಮಾವನ ಜೊತೆ ನಾಲ್ಕು ಊರು ಸುತ್ತಿ ಬಾ, ತಲೆ ತಿಳಿಯಾಗುತ್ತೆ’ ಎಂದು ಅಕ್ಕ ಕಳಿಸಿದ್ದಾಳೆ. ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆದು ಮುದುಕನಾದ ನನಗೆ ಆ ಕೆಲಸ ಏನೆಂದು ತಿಳಿಯಲು ಗುಂತಕಲ್ ಕಡೆಯ ಗಾಡಿಯೊಂದು ಹಾದುಹೋಗುವಷ್ಟು ಹೊತ್ತು ಹಿಡಿಯಿತು. ಯಾರದೋ ಕಂಪನಿಗೆ ಕಾಯಿಲೆ. ಇವರು ಹೋಗಿ ನಾಡಿ ಹಿಡಿದು, ಮೂರು ತಿಂಗಳು ಹೋಟೆಲಿನಲ್ಲಿದ್ದು, ನೂರು ಸ್ಲೈಡಿನಲ್ಲಿ ಔಷಧಿ ಬರೆದು, ಬಿಲ್ ಕೊಟ್ಟು ಹೊರಡುತ್ತಾರೆ. ಈ ಕಸುಬಿನ ದೊಡ್ಡ ಮನೆತನ ಮೆಕಿನ್ಸಿಯನ್ನು 1926ರಲ್ಲಿ ಶಿಕಾಗೋದಲ್ಲಿ ಶುರುಮಾಡಿದವನೂ ಲೆಕ್ಕಶಾಸ್ತ್ರದ ಮೇಷ್ಟ್ರೇ ಅಂತೆ. ಅದು ಕೇಳಿ ಸ್ವಲ್ಪ ಸಮಾಧಾನವಾಯಿತು.

‘ಅನುಭವ ಇಲ್ಲದ ಇಪ್ಪತ್ತನಾಲ್ಕರ ಹುಡುಗಿ ಮೂವತ್ತು ವರ್ಷ ಕಾರ್ಖಾನೆ ನಡೆಸಿದವನಿಗೆ ಏನು ಹೇಳ್ತೀಯ?’ ಎಂದೆ. ‘ಅದೇ ಮಾವ, ನನ್ನ ಲಿಸ್ಟಿನಲ್ಲೂ ಮೊದಲ ಸಾಲು ಅದೇ’ ಎಂದು ನೋಟ್‌ಬುಕ್ ತೋರಿಸಿದಳು. ನಡುವೆ ಗೆರೆ. ಎಡಕ್ಕೆ ಒಳ್ಳೆಯದು: ಸಂಬಳ, ವರ್ಷದಲ್ಲಿ ನಾಲ್ಕು ಬಗೆಯ ಉದ್ಯಮ ನೋಡುವ ಭಾಗ್ಯ, ಮುಂದೆ ಎಲ್ಲಿ ಬೇಕಾದರೂ ತೆರೆಯುವ ಬಾಗಿಲು. ಬಲಕ್ಕೆ ಕೆಟ್ಟದ್ದು: ಅನುಭವದ ಆ ಮಾತು, ರಾತ್ರಿ ಎರಡರವರೆಗಿನ ಕೆಲಸ, ವಾರವೆಲ್ಲ ವಿಮಾನ, ಮೇಲೇರದಿದ್ದರೆ ಎರಡು ಮೂರು ವರ್ಷಕ್ಕೆ ಜಾಗ ಖಾಲಿ ಮಾಡಬೇಕಾದ ಪದ್ಧತಿ.

ಡ್ಯಾಮಿಗೆ ಆಟೋ ಹಿಡಿದೆವು. ನಮ್ಮೂರಿನಲ್ಲಿ ರಾಮಮಂಟಪದ ಬಂಡೆಗಳ ನಡುವೆ ನುಸುಳುವ ತುಂಗೆ ಕೂಡ್ಲಿಯಲ್ಲಿ ಭದ್ರೆಯ ಕೈಹಿಡಿದು ಇಲ್ಲಿಗೆ ಬರುವಾಗ ಸಮುದ್ರವೇ ಆಗಿಬಿಟ್ಟಿದ್ದಾಳೆ. ಆಚೆ ದಡ ಕಾಣುವುದಿಲ್ಲ. ನೋಡಿ ನನಗೆ ಮಾತೇ ಹೊರಡಲಿಲ್ಲ. ಒಟ್ಟು 33 ಗೇಟು. ಹತ್ತಿರ ಬಿಡುವುದಿಲ್ಲವಾದ್ದರಿಂದ ದೂರದಿಂದಲೇ ಹತ್ತೊಂಬತ್ತನೆಯದನ್ನು ಎಣಿಸಹೊರಟೆವು. ಯಾವ ಕಡೆಯಿಂದ ಎಣಿಸಬೇಕೆಂದು ಜಗಳವಾಯಿತು. ಐಸ್‌ಕ್ರೀಮ್ ಮಾರುವ ಹುಡುಗ ಬೇಸರದಿಂದ ಬೆರಳು ತೋರಿಸಿದ. ದಿನಕ್ಕೆ ನೂರು ಜನ ಕೇಳುತ್ತಾರಂತೆ.

2024ರ ಆಗಸ್ಟ್ 10ರ ರಾತ್ರಿ ಆ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ, 60 ಅಡಿ ಅಗಲದ ಬಾಯಿ, ಕೆಳಗೆ ಮೂರು ರಾಜ್ಯಗಳ ರೈತರ ಬೆಳೆ. ಆಗ ಕರೆಸಿದ್ದು ಕನ್ನಯ್ಯ ನಾಯ್ಡು ಎಂಬ, ನಿವೃತ್ತಿಯ ವಯಸ್ಸು ಎಂದೋ ದಾಟಿದ ಗೇಟು ತಜ್ಞರನ್ನು. ನೀರೆಲ್ಲ ಖಾಲಿಯಾಗಲು ಕಾಯದೆ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸೋಣ ಎಂದರು ಅವರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ಹೊಸಪೇಟೆ ಸುತ್ತಲಿನ ವರ್ಕ್‌ಶಾಪುಗಳಲ್ಲೂ ಹಗಲೂ ರಾತ್ರಿ ಹಲಗೆ ಸಿದ್ಧವಾದವು. ವಾರದೊಳಗೆ ನೀರು ನಿಂತಿತು. ಅಕ್ಕನ ಮಗಳು ಕಣ್ಣರಳಿಸಿ, ‘ಮಾವ, ಇವರೂ ಕನ್ಸಲ್ಟೆಂಟೇ!’ ಎಂದಳು.

ಹೌದು. ಆದರೆ ಇವರು ಹೇಳಿ ಹೋದವರಲ್ಲ. ಹಲಗೆ ಇಳಿಯುವಾಗ ಕ್ರೇನಿನ ಪಕ್ಕದಲ್ಲೇ ನಿಂತಿದ್ದವರು. ಇನ್ನೊಂದು ವಿಷಯ ಅವಳಿಗೆ ಹೇಳಿದೆ. ಇದೇ ಡ್ಯಾಮಿನ ಬಳಿ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಹುಟ್ಟಿತು. ಡ್ಯಾಮುಗಳ ಗೇಟು ಮಾಡುವುದೇ ಅದರ ಕಸುಬು. ನಷ್ಟದ ಲೆಕ್ಕ ಬೆಳೆದು 2015ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿತು. ಲೆಕ್ಕದಲ್ಲಿ ಅದು ಸರಿಯೇ ಇದ್ದೀತು, ನಾನೂ ಲೆಕ್ಕದವನೇ. ಆದರೆ ಯಾವ ಲೆಜರಿನಲ್ಲೂ ಆಗಸ್ಟ್ 10ರ ರಾತ್ರಿಗೊಂದು ಕಾಲಂ ಇರುವುದಿಲ್ಲ. ಅವಳು ಯಾವ ಕಡೆ ಬರೆಯಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಕಚ್ಚಿದಳು.

ಹಂಪಿ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಚುಟುಕಾಗಿ ಹೇಳುತ್ತೇನೆ. ನಮ್ಮ ಕಡೆ ಕಲ್ಲು ಕಾಣಬೇಕಾದರೆ ಪಾಚಿ ಕೆರೆಯಬೇಕು. ಇಲ್ಲಿ ದೇವರು ಯಾವುದೋ ಕಟ್ಟಡಕ್ಕೆಂದು ಜಲ್ಲಿ ಸುರಿಸಿ ಮರೆತುಹೋದಂತಿದೆ. ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಿದ್ದ ಬೆಳಕು ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸಿದೆ. ಅದನ್ನು ನೋಡಿ ಹೊರಬರುವಷ್ಟರಲ್ಲಿ ಕೋತಿಯೊಂದು ನಮ್ಮ ಬಾಳೆಹಣ್ಣಿನ ಚೀಲವನ್ನು ತನ್ನ ಆಸ್ತಿ ಎಂದು ಘೋಷಿಸಿಕೊಂಡಿತ್ತು.

ಅವಳನ್ನು ಕಟ್ಟಿ ನಿಲ್ಲಿಸಿದ್ದು ಕಲ್ಲಿನ ರಥವಲ್ಲ, ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದದ್ದು. ಕಪ್ಪು ಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಮೇಲೆ ಪುಟ್ಟ ಮೆಟ್ಟಿಲು, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಉಳಿಯ ಗುರುತುಗಳು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಸೂಚನೆ! ಬೇರೆಲ್ಲೋ ಕಡೆದು, ನಂಬರು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ. ಇದನ್ನು ಯೋಚಿಸಿದವನ ಹೆಸರು ಯಾವ ಶಾಸನದಲ್ಲೂ ಸಿಗಲಿಕ್ಕಿಲ್ಲ. ‘ಒಂದು ಸ್ಲೈಡೂ ಇಲ್ಲದೆ ಹೇಗೆ ಒಪ್ಪಿಸಿದ ಮಾವ ಇವನು ರಾಜನ್ನ?’ ಎಂದು ಅವಳ ಚಿಂತೆ.

ರಾಜರನ್ನು ಒಪ್ಪಿಸುವ ಕೆಲಸ ತಿಮ್ಮರಸನದು. ಕೃಷ್ಣದೇವರಾಯ ಅಪ್ಪಾಜಿ ಎಂದು ಕರೆಯುತ್ತಿದ್ದ ಮಂತ್ರಿ. ಯುವರಾಜನಿಗೆ ವಿಷವಿಟ್ಟ ಶಂಕೆಯ ಮೇಲೆ ಅದೇ ರಾಯ ಅವನ ಕಣ್ಣು ಕೀಳಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವಳ ಪಟ್ಟಿಯ ಬಲಗಡೆಗೆ ಒಂದು ಸಾಲು ಸೇರಿತು.

ತೀರ ದೂರದ ಪಂಡಿತರು ಸಲಹೆ ಕೊಟ್ಟ ಊರೂ ಇದೇ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆನೆಗೊಂದಿಗೆ ಕಟ್ಟತೊಡಗಿದ ಸೇತುವೆಯ ದೆಸೆಯಿಂದ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂತು. ಅಷ್ಟೆಲ್ಲ ಚರ್ಚೆಗೆ ಕಾರಣವಾದ ಸೇತುವೆ 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಹೊಳೆಗೆ ಬಿತ್ತು. ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈ ಕೊನೆಯಲ್ಲಿ ತೆರವು ಮಾಡಿದರು. ಈಗ ಬೀದಿ ಸ್ವಚ್ಛ, ಫೋಟೊ ಚೆಂದ ಬರುತ್ತದೆ. ಎಳನೀರು ಬೇಕೆಂದರೆ ಮಾತ್ರ ದೂರ ನಡೆಯಬೇಕು. ಎಳನೀರು ಕೊಚ್ಚುತ್ತಿದ್ದಾಕೆ ನಮ್ಮ ನೋಟ್‌ಬುಕ್ ಕಂಡು, ‘ಸರ್ವೇದವರೇನ್ರಿ?’ ಎಂದು ಕೇಳಿದಳು. ಅಲ್ಲ ಎಂದ ಮೇಲೇ ನಕ್ಕು ಮಾತಾಡಿದ್ದು.

ಸಂಡೂರಿಗೆ ಹೊರಟ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಎಂಜಿನ್ನಿನ ಮೇಲೆ. ಕಾಲು ಬೇಯುತ್ತಿದ್ದರೂ ಆ ಜಾಗವೇ ಒಳ್ಳೆಯದಾಯಿತು, ರಾಯರ ಕೆರೆ ಎದುರಿಗೇ ಕಂಡಿತು. ಕೆರೆಯೆಂದರೆ ನೀರಿಲ್ಲ. ಎರಡು ಗುಡ್ಡಗಳ ನಡುವೆ ಭಾರಿ ಏರಿ, ಒಳಗೆಲ್ಲ ಹೊಲ. ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇದರ ಕೆಲಸ ನಡೆಯುವಾಗ ಕಣ್ಣಾರೆ ನೋಡಿದ್ದ. 15–20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರಂತೆ. ನೂನಿಜ್ ಹೇಳುವ ಕಥೆ ಇನ್ನೂ ಸ್ವಾರಸ್ಯ. ಗೋವಾದ ಗವರ್ನರ್ ಕಳಿಸಿದ ಜೊವಾಂವ್ ದ ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನಿಗೆ ರಾಯ ಕೆರೆಯ ಯೋಜನೆ ವಿವರಿಸಿದ. ಇದು ಆಗದ ಕೆಲಸ ಎಂದು ಆತನಿಗೆ ಒಳಗೊಳಗೇ ಅನ್ನಿಸಿತಂತೆ. ಬಾಯಲ್ಲಿ ಮಾತ್ರ ‘ಆಗುತ್ತೆ, ಸುಣ್ಣ ಸಿದ್ಧಮಾಡಿಸಿ’ ಎಂದ. ಕಟ್ಟುವುದಕ್ಕೆ ಸುಣ್ಣವೇ ಎಂದು ರಾಯ ಜೋರಾಗಿ ನಕ್ಕ. ಹಗಲು ಹಾಕಿದ ಕಲ್ಲು ರಾತ್ರಿ ಕುಸಿಯಿತು. ಆಮೇಲೆ ಪಂಡಿತರನ್ನು ಕರೆಸಿದರೆ ಅವರು ಬಲಿ ಕೊಡಿ ಎಂದರು. ಪೇಸ್ ಬರೆದಂತೆ 60 ಜನರ ತಲೆ ಉರುಳಿತು.

ಬಸ್ಸಿನ ಗದ್ದಲದಲ್ಲಿ ಇದನ್ನು ಕೂಗಿ ಕೂಗಿ ಹೇಳಿದೆ. ಅವಳು ಗಂಭೀರಳಾದಳು. ‘ಆಗೋದಿಲ್ಲ ಅಂತ ಗೊತ್ತಿದ್ದೂ ಆಗುತ್ತೆ ಅಂದ. ಯಾಕೆ?’ ‘ರಾಜನ ಎದುರು ಅಲ್ವಾ’ ಎಂದೆ. ‘ಸೀನಿಯರ್‌ಗಳು ಹೇಳ್ತಾರೆ ಮಾವ, ಕ್ಲೈಂಟ್ ಕೇಳಬೇಕೆಂದಿದ್ದನ್ನೇ ಎಷ್ಟೋ ಸಲ ನಾವು ಸ್ಲೈಡಿನಲ್ಲಿ ಬರೆದು ಕೊಡೋದು ಅಂತ.’ ಜನರನ್ನು ಕೆಲಸದಿಂದ ತೆಗೆಯುವ ನಿರ್ಧಾರ ಮಾಲೀಕ ಮೊದಲೇ ಮಾಡಿರುತ್ತಾನಂತೆ. ಬಯ್ಗುಳ ತಿನ್ನಲು ಹೊರಗಿನವರ ಹೆಸರು ಬೇಕಂತೆ. ಐನೂರು ವರ್ಷದ ಹಿಂದಿನ ಜೊವಾಂವ್‌ನ ಮೇಲೆ ನನಗೆ ಕನಿಕರ ಬಂತು. ಅವನಿಗೆ ಕನಿಷ್ಠ ಸುಣ್ಣದ ಮಹಿಮೆಯಾದರೂ ಗೊತ್ತಿತ್ತು.

ಕಣಿವೆಯ ಬಾಯಿ ದಾಟಿದ್ದೇ ತಡ, ನಾನು ನಮ್ಮೂರಿಗೇ ಬಂದೆನೇನೋ ಅನ್ನಿಸಿತು. ಬಳ್ಳಾರಿ ಸೀಮೆಯಲ್ಲಿ ಇಷ್ಟು ಹಸಿರೇ! ಮೋಡ ಗುಡ್ಡದ ನೆತ್ತಿ ಸವರುತ್ತಿದೆ, ತಂಗಾಳಿ. ವ್ಯತ್ಯಾಸವೆಂದರೆ ನಮ್ಮ ಗುಡ್ಡ ಅಗೆದರೆ ಜಂಬಿಟ್ಟಿಗೆ ಬರುತ್ತದೆ, ಇಲ್ಲಿ ಕಬ್ಬಿಣ. ಅದಿರಿನ ಲಾರಿಗಳು ಸಾಲುಗಟ್ಟಿವೆ. ನನ್ನ ಬಿಳಿ ಅಂಗಿ ಸಂಡೂರು ಮುಟ್ಟುವಾಗ ಕಾವಿಯಾಗಿತ್ತು. ಲಾಡ್ಜಿನವನು, ‘ಸ್ವಾಮ್ಗೋಳೇ’ ಎಂದೇ ಮಾತಾಡಿಸಿದ.

2011ರ ಜುಲೈ ಕೊನೆಯಲ್ಲೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದೂ ಆ ದಿನಗಳಲ್ಲೇ. ಮತ್ತೆ ಶುರುಮಾಡುವ ಮುನ್ನ ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಬೇಕೆಂದಾಯಿತು. ಬರೆದದ್ದು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತು. ಎಲ್ಲಿ ತಡೆಗೋಡೆ, ಎಲ್ಲಿ ಚೆಕ್ ಡ್ಯಾಮ್, ಎಲ್ಲಿ ಗಿಡ ಎಂಬ ಪಟ್ಟಿ. ಹೊರಗಿನವರ ವರದಿಯೇ, ಆದರೆ ಹಿಂದೆ ಕೋರ್ಟಿನ ಕೋಲಿತ್ತು, ಆದ್ದರಿಂದ ಕಪಾಟಿಗೆ ಹೋಗಲಿಲ್ಲ. ಇದು ಎಡಗಡೆಯ ಸಾಲಿಗೆ ಎಂದಳು. ಒಪ್ಪಿದೆ. ಊರೊಳಗಿನವರೆಲ್ಲ ಒಂದಲ್ಲ ಒಂದು ಲಾರಿಯ ಪಾಲುದಾರರಾಗಿರುವಾಗ ಕೆಲವು ಮಾತು ಹೊರಗಿನವರೇ ಆಡಬೇಕು.

ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ನೋಡುತ್ತ ಒಂದು ಬೆಳಗು ಕಳೆಯಿತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಸೇರಿ 1,755 ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ಪಕ್ಕದ ಅಜ್ಜಿ ಹೆಬ್ಬೆರಳಿನ ಉಗುರಿನಷ್ಟು ಕನ್ನಡಿ ಚೂರನ್ನು ಬಟ್ಟೆಯ ಮೇಲೆ ಒತ್ತಿ, ಮೊದಲು ಅಡ್ಡಡ್ಡ ನಾಲ್ಕು ಎಳೆ ಹಾಕಿ ಬಿಗಿದು, ಆಮೇಲೆ ಅಂಚಿನ ಸುತ್ತ ಕೆಂಪು ದಾರ ಹೆಣೆಯುತ್ತ ಬರುತ್ತಾಳೆ. ಅಂಟಿಲ್ಲ, ಗುರುತಿಲ್ಲ. ‘ಡಿಸೈನರ್‌ಗಳು ಬರ್ತಾರಲ್ಲ, ಅವರ ಮಾತು ಕೇಳ್ತೀರಾ?’ ಎಂದಳು ನಮ್ಮವಳು. ‘ಬಣ್ಣ ಹೇಳಿದ್ರ ಕೇಳ್ತೀವಿ. ಮಾರಾಕ ಅವರಿಗೇ ಗೊತ್ತು. ಸೂಜಿ ಹೆಂಗ ಹಿಡೀಬೇಕಂತ ಹೇಳಾಕ ಬಂದ್ರ ಸೂಜೀನೇ ಕೈಗೆ ಕೊಡ್ತೀವಿ.’ ಇವಳ ಕೈಗೂ ಸೂಜಿ ಬಂತು. ಕನ್ನಡಿ ಎರಡು ಸಲ ಜಾರಿ ಬಿತ್ತು, ಮೂರನೆಯದಕ್ಕೆ ಬೆರಳು ಚುಚ್ಚಿತು. ಅಜ್ಜಿ ಪೂರ್ತಿ ಬಿಚ್ಚಿ ತಾನೇ ಹೊಲಿದಳು.

ಕೊನೆಗೆ ಕಂಪ್ಲಿ. ದೆಹಲಿಯ ತುಘಲಕನಿಗೆ ಎದುರು ನಿಂತ ಕಂಪಿಲರಾಯನ ಹೆಸರಿನ ಊರು, ಗಂಡುಗಲಿ ಕುಮಾರರಾಮನ ಸೀಮೆ. ನಮಗೆ ಕಂಡದ್ದು ಕಣ್ಣು ಹಾಯುವವರೆಗೂ ಭತ್ತ. ನಮ್ಮಲ್ಲಿ ಗದ್ದೆಯೆಂದರೆ ಎರಡು ಗುಡ್ಡದ ನಡುವೆ ಸಿಕ್ಕಷ್ಟು ಚೂರು. ಇಲ್ಲಿ ಗದ್ದೆ ಮುಗಿಯುವುದು ಆಕಾಶದಲ್ಲಿ. ಗಂಗಾವತಿಗೆ ಹೋಗುವ ಸೇತುವೆ, ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವುದಂತೆ. ಅದನ್ನು ಊರವರು ಹಬ್ಬದ ತಾರೀಕು ಹೇಳಿದಷ್ಟು ಸಹಜವಾಗಿ ಹೇಳುತ್ತಾರೆ.

ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ಐಸಿಸಿ ಸಭೆಯ ಮಾತು. ನಮ್ಮವಳು ಕ್ರಿಕೆಟ್ಟೆಂದುಕೊಂಡು ಕಿವಿ ನಿಮಿರಿಸಿದಳು. ಅದು ನೀರಾವರಿ ಸಲಹಾ ಸಮಿತಿ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದೋ ಇಲ್ಲವೋ ತೀರ್ಮಾನಿಸುವುದು ಅದೇ. ಡ್ಯಾಮು ಯೋಜಿಸಿದವರು ಕಾಲುವೆಯ ಬಹುಪಾಲು ಅಚ್ಚುಕಟ್ಟಿಗೆ ಬರೆದದ್ದು ಜೋಳ, ಹತ್ತಿ, ಶೇಂಗಾ. ರೈತರು ಹಾಕಿದ್ದು ಭತ್ತ. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕೊನೆ ಭಾಗದವರಿಗೆ ಕಾಲುವೆಯ ಕೆಸರೇ ಗತಿ.

ಪಕ್ಕದಲ್ಲಿ ಕೂತ ಹಿರಿಯರು ಅವಳ ಕೆಲಸವೇನೆಂದು ಕೇಳಿದರು. ‘ಸಲಹೆ ಕೊಡೋದು’ ಎಂದೆ ನಾನು, ಸ್ವಲ್ಪ ಕುಚೋದ್ಯದಿಂದ. ಅವರು ನಗಲಿಲ್ಲ. ‘ಹಂಗಾರ ಹೇಳವ್ವಾ. ಎರಡು ಎಕರೆ ರಾಯರ ಕಾಲದ ಕಾಲುವಿ ಕೆಳಗೈತಿ, ಅದಕ್ಕ ಚಿಂತಿಲ್ಲ. ಮೂರು ಎಕರೆ ಡ್ಯಾಮಿನ ಎಲ್‌ಎಲ್‌ಸಿ ಕಾಲುವಿ ಕೊನೀಗೈತಿ. ಬ್ಯಾಸಗಿಗೆ ಭತ್ತ ಹಾಕ್ಲೋ, ಜೋಳ ಹಾಕ್ಲೋ?’

ಅವಳು ನೋಟ್‌ಬುಕ್ಕಿನ ಹೊಸ ಪುಟ ತೆಗೆದಳು. ಗೊಬ್ಬರಕ್ಕೆ ಎಷ್ಟು, ಆಳಿಗೆ ಎಷ್ಟು, ಕಳೆದ ಸಲ ಯಾವ ತಿಂಗಳಲ್ಲಿ ನೀರು ನಿಂತಿತು, ಮೇಲಿನ ಗದ್ದೆಯವರು ಯಾರು, ನೀರ್ಗಂಟಿ ಮಾತು ಕೇಳುತ್ತಾನೋ. ಮೂರು ಸುತ್ತು ಚಹಾ ಆಯಿತು, ಸುತ್ತ ಏಳೆಂಟು ಜನ ಸೇರಿ ಒಬ್ಬೊಬ್ಬರೂ ಒಂದೊಂದು ಲೆಕ್ಕ ತಿದ್ದಿದರು. ಕೊನೆಗೆ ಅವಳು, ‘ನಾನಾಗಿದ್ರೆ ಕೊನೇ ಭಾಗದ ಮೂರು ಎಕರೆಗೂ ಜೋಳವೇ ಹಾಕ್ತಿದ್ದೆ ಅಜ್ಜಾ. ಲಾಭ ಕಮ್ಮಿ, ಆದ್ರೆ ಮಾರ್ಚಿನಲ್ಲಿ ನೀರು ನಿಂತರೂ ಕೈಗೆ ಏನಾದರೂ ಬರುತ್ತೆ’ ಎಂದಳು.

‘ನನ್ನ ಮಗನೂ ಅದನ್ನ ಅಂತಾನ’ ಎಂದರು ಹಿರಿಯರು, ಮಗನ ಮೇಲಿನ ಸಿಟ್ಟು ಇಳಿದವರಂತೆ. ಚಹಾದ ದುಡ್ಡು ಕೊಡಲು ನಮ್ಮನ್ನು ಬಿಡಲಿಲ್ಲ. ‘ನಂಬರ್ ಕೊಡವ್ವಾ. ಮಾರ್ಚಿಗೆ ಫೋನ್ ಹಚ್ತೀನಿ, ನೀರು ನಿಂತ್ರೂ ನಿಂದ್ರದಿದ್ರೂ.’ ಅವಳು ನನ್ನ ಮುಖ ನೋಡಿದಳು. ನಾನು ಸೇತುವೆ ನೋಡಿದೆ. ನಂಬರು ಕೊಟ್ಟಳು.

ಹೊಸಪೇಟೆಗೆ ಮರಳುವ ಬಸ್ಸು ಭತ್ತದ ಚೀಲದಂತೆ ತುಂಬಿತ್ತು; ಒಂದು ಕಾಲ ಮೇಲೆ ನಿಂತೇ ಪ್ರಯಾಣ. ಕಮಲಾಪುರ ದಾಟುವಾಗ ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಮೊಬೈಲು ಒತ್ತುತ್ತಿದ್ದಳು. ಕಂಪನಿಗೆ ಒಪ್ಪಿಗೆ ಬರೆದಳೇನೋ ಎಂದುಕೊಂಡೆ. ಇನ್ನೂ ಇಲ್ಲ. ಮೊದಲ ವರ್ಷ ಮಾರ್ಚಿನಲ್ಲಿ ಎರಡು ದಿನ ರಜೆ ಸಿಗುತ್ತದೆಯೇ ಎಂದು ಎಚ್‌ಆರ್‌ನವರನ್ನು ಕೇಳುತ್ತಿದ್ದಳು.