ಹೊಳೆಯ ಜೊತೆ ನಾಲ್ಕು ದಿನ

ರೋಣ ತಾಲ್ಲೂಕು ಕೇಂದ್ರವಾದರೂ ಅಲ್ಲಿಗೆ ರೈಲಿಲ್ಲ. ರೋಣದವರು ರೈಲು ಹಿಡಿಯಬೇಕೆಂದರೆ ನಮ್ಮ ಹೊಳೆಆಲೂರಿಗೇ ಬರಬೇಕು. ಗದಗ–ಸೊಲ್ಲಾಪುರ ಮಾರ್ಗದ ಸಣ್ಣ ಸ್ಟೇಷನ್ ನಮ್ಮದು. ಹಳಿ ಬಿದ್ದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ. ಪ್ಯಾಸೆಂಜರ್ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಚೀಲ, ಬುಟ್ಟಿ, ಕೂಸು ಎಲ್ಲ ಹತ್ತಿ ಇಳಿದು ಮುಗಿಯುತ್ತವೆ. ಗಾಡಿ ಬಾದಾಮಿಯ ಕಡೆ ಹೊರಟಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಮಲಪ್ರಭೆಯ ಸೇತುವೆ ಬರುತ್ತದೆ.

ಊರ ಹೆಸರಿನಲ್ಲೇ ಹೊಳೆ ಇರುವ ನಮಗೆ ಈ ನದಿಯನ್ನು ಪರಿಚಯಿಸಬೇಕಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ನಮ್ಮೂರ ಮಗ್ಗುಲಲ್ಲಿ ಹಾದು, ಪಟ್ಟದಕಲ್ಲು, ಐಹೊಳೆ ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮೊಣಕಾಲು ಮುಳುಗದಷ್ಟು ನೀರು. ಆದರೆ 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ, ಇದೇ ನೀರು ದಡ ಮೀರಿ ಹೊಳೆಸಾಲಿನ ಊರುಗಳೊಳಗೆ ಬಂತು. ಎಷ್ಟೋ ಮನೆತನಗಳು ಹಳೆಯ ಊರು ಬಿಟ್ಟು ಎತ್ತರದ ಆಸರೆ ಮನೆಗಳಿಗೆ ಹೋದವು. ಆಗಿನಿಂದ ನಮ್ಮ ಕಡೆ ಹೊಳೆಯ ಮಾತು ಬಂದರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆಗೆ ಕೈ ಇಟ್ಟು ತೋರಿಸುವುದೇ ರೂಢಿ.

ಈ ವರ್ಷ ನಾವಿಬ್ಬರು, ಗಂಡ ಹೆಂಡತಿ, ನಾಲ್ಕು ದಿನದ ಪ್ರವಾಸಕ್ಕೆ ಹೊರಡುತ್ತೇವೆಂದು ತೀರ್ಮಾನಿಸಿದಾಗ ಮೊದಲ ಪ್ರಶ್ನೆ ಎಲ್ಲಿಗೆ ಎನ್ನುವುದಾಗಿತ್ತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾವು ಜೊತೆಯಾಗಿ ಊರು ಬಿಟ್ಟದ್ದೆಲ್ಲ ಮದುವೆ, ಜಾತ್ರೆ, ಆಸ್ಪತ್ರೆಗೇ. ಅವ್ವನಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಮಗಳು ನಾಲ್ಕು ದಿನ ರಜೆ ಹಾಕಿ ಬಂದು ಅಜ್ಜಿಯ ಹತ್ತಿರ ಇರುತ್ತೇನೆಂದಳು. ನಾಲ್ಕೇ ದಿನ. ಐದನೆಯ ದಿನ ಆಕೆಯ ರಜೆ ತೀರುತ್ತದೆ.

ಊಟಿ, ಗೋವಾ, ಮೈಸೂರು ಎಂದು ಮಗಳು ಫೋನಿನಲ್ಲಿ ಹೆಸರು ಹೇಳುತ್ತಾ ಹೋದಳು. ನನ್ನಾಕೆ ಎಲ್ಲವನ್ನೂ ಕೇಳಿ, ‘ಅಷ್ಟು ದೂರ ಯಾಕವಾ? ಹೊಳಿ ಸಿಟ್ಟು ನೋಡೇವಿ, ಅದರ ಚಂದ ಇನ್ನೂ ನೋಡಿಲ್ಲ. ಪಟ್ಟದಕಲ್ಲಿನ್ಯಾಗ ಹೊಳಿ ದಂಡಿಗೆ ಕುಂಡ್ರಬೇಕು. ಸೈಕಲ್ ಮ್ಯಾಲೆ ಹೋಗಬೇಕು’ ಎಂದಳು.

ಸೈಕಲ್ ಎಂದದ್ದಕ್ಕೆ ಕಾರಣವಿದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅದರಲ್ಲಿ ನಮ್ಮ ಮಗಳಿಗೂ ಒಂದು ಬಂದಿತ್ತು. ಆಕೆ ಓದು ಮುಗಿಸಿ ಹೋದ ಮೇಲೆ ಅದು ಹಿತ್ತಲಲ್ಲಿ ನಿಂತಿತ್ತು. ತನ್ನ ಕಾಲದಲ್ಲಿ ಹೆಣ್ಣುಮಕ್ಕಳ ಕೈಗೆ ಯಾರೂ ಸೈಕಲ್ ಕೊಡಲಿಲ್ಲ ಎನ್ನುತ್ತಿದ್ದ ನನ್ನಾಕೆ, ಕಳೆದ ದೀಪಾವಳಿ ಮುಗಿದ ಮೇಲೆ ಅದಕ್ಕೆ ಹೊಸ ಟ್ಯೂಬ್ ಹಾಕಿಸಿ, ನಸುಕಿನಲ್ಲಿ ಬಯಲಿನಲ್ಲಿ ಕಲಿತಳು. ಹಿಂದೆ ಹಿಡಿದುಕೊಂಡು ಓಡುವ ಕೆಲಸ ನನ್ನದು. ಮೂರನೆಯ ವಾರಕ್ಕೆ ಆಕೆ ಮುಂದೆ, ನಾನು ಹಿಂದೆ.

ಎಷ್ಟು ದೂರ, ಯಾವಾಗ?

ಜೋಡಿಯಾಗಿ ಸೈಕಲ್ ತುಳಿಯುವವರು ದಿನದ ದೂರವನ್ನು ನಿಧಾನ ಹೋಗುವವರ ಲೆಕ್ಕದಲ್ಲೇ ಹಾಕಬೇಕು. ಅಭ್ಯಾಸದ ದಿನಗಳಲ್ಲಿ ನಾವು ಗಡಿಯಾರ ನೋಡಿ ಅಳೆದೆವು. ನೀರು ಕುಡಿಯಲು, ಎಲೆ ಅಡಿಕೆಗೆ, ಹೊಲ ನೋಡಲು ನಿಲ್ಲುವುದೆಲ್ಲ ಸೇರಿ ಗಂಟೆಗೆ ಎಂಟು ಕಿ.ಮೀ. ಹಾಗಾದರೆ ಬೆಳಗಿನ ಮೂರು ಗಂಟೆಯಲ್ಲಿ ಇಪ್ಪತ್ತನಾಲ್ಕು. ದಿನಕ್ಕೆ ಇಪ್ಪತ್ತೈದು ಕಿ.ಮೀ. ದಾಟಬಾರದು ಎಂದು ಹಾಳೆಯ ಮೇಲೆ ಮೊದಲು ಬರೆದೆವು. ಆಮೇಲೆ ಊರುಗಳನ್ನು ಆರಿಸಿದೆವು.

ಕಾಲವನ್ನು ಆರಿಸಲು ಪಂಚಾಂಗ ತೆಗೆದೆವು. ಎಳ್ಳಮಾಸಿಗೂ ಬನದ ಹುಣ್ಣಿಮೆಗೂ ನಡುವೆ ಹದಿನೈದು ದಿನ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದು ತಪ್ಪುವಂತಿಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು ಬೀಡುಬಿಟ್ಟು ರಸ್ತೆಯೆಲ್ಲ ಗಾಡಿಗಳಿಂದ ತುಂಬಿ, ಹೊಸದಾಗಿ ಸೈಕಲ್ ಕಲಿತವರಿಗೆ ಜಾಗವಿರುವುದಿಲ್ಲ. ಈ ಎರಡರ ನಡುವೆ ಹೊರಟರೆ ಚಳಿ ಹಿತವಾಗಿರುತ್ತದೆ, ಎರಿ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಅದೃಷ್ಟವಿದ್ದರೆ ಯಾರದಾದರೂ ಹೊಲದಲ್ಲಿ ಬಿಸಿ ಸೀತನಿಯೂ ಸಿಕ್ಕೀತು. ವಾರವನ್ನೂ ನೋಡಿಕೊಂಡೆವು. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆದ್ದರಿಂದ ಸೋಮವಾರ ಹೊರಟು ಗುರುವಾರ ಮರಳುವುದು.

ನಮ್ಮ ಸೈಕಲ್‌ಗಳನ್ನೇ ಒಯ್ಯುವ ಆಸೆಯಿತ್ತು. ರೈಲಿನಲ್ಲಿ ಸೈಕಲ್ ಒಯ್ಯಲು ಲಗೇಜ್ ಎಂದು ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಅದು ಆಗುವ ಮಾತಲ್ಲ. ಬಾದಾಮಿಯಲ್ಲಿ ಬಾಡಿಗೆ ಸೈಕಲ್ ಸಿಗುತ್ತವೆ. ಮೊದಲೇ ವಿಚಾರಿಸಿ ಒಂದು ಲೇಡೀಸ್ ಸೈಕಲ್ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು. ತೆಗೆದುಕೊಳ್ಳುವಾಗ ಮೂರು ಪರೀಕ್ಷೆ: ಸೀಟಿನ ಮೇಲೆ ಕೂತಾಗ ಎರಡೂ ಪಾದದ ತುದಿ ನೆಲಕ್ಕೆ ತಾಗಬೇಕು, ಎರಡೂ ಬ್ರೇಕ್ ಹಿಡಿಯಬೇಕು, ಹಿಂದೆ ಹೊಳೆಯುವ ಕೆಂಪು ಬಿಲ್ಲೆ ಇರಬೇಕು. ಆ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು ಇರುತ್ತದೆ. ಹಿಂದೆ ಒಂದು ಟ್ರೇಲರ್ ಇದೆಯೋ ಎರಡಿವೆಯೋ ಗೊತ್ತಾಗುವುದಿಲ್ಲ. ಸದ್ದು ಕೇಳಿದೊಡನೆ ಇಳಿದು ಬದಿಗೆ ನಿಲ್ಲುವುದೇ ಕ್ಷೇಮ. ಆದರೆ ಡಾಂಬರು ಬಿಟ್ಟು ದೂರ ಇಳಿದರೆ ಜಾಲಿ ಮುಳ್ಳು. ಪಂಕ್ಚರ್ ಸಾಮಾನು, ಸಣ್ಣ ಪಂಪು ನಮ್ಮ ಚೀಲದಲ್ಲಿರುತ್ತವೆ.

ಹಳ್ಳಿಯ ಕಡೆ ಎರಡು ದಿನ

ಮೊದಲ ದಿನ ಬೆಳಿಗ್ಗೆ ರೈಲಿನಲ್ಲಿ ಬಾದಾಮಿ. ಎರಡು ರಾತ್ರಿ ಅಲ್ಲೇ ವಾಸ. ಮಧ್ಯಾಹ್ನ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ನಡಿಗೆ. ಅಲ್ಲೇ ಸಮೀಪದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಎಷ್ಟು ಹಳೆಯದೆಂದು ಕೇಳುವ ಮಕ್ಕಳಿಗೆ ತೋರಿಸಬೇಕಾದ ಬಂಡೆ ಅದು. ಕೋತಿಗಳ ಕಾಟವಿರುವುದರಿಂದ ಬುತ್ತಿಯ ಚೀಲವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗುವಂತಿಲ್ಲ.

ಸಂಜೆ ನಾಲ್ಕಕ್ಕೆ ಮೊದಲ ಸವಾರಿ: ಬನಶಂಕರಿಗೆ ಐದು ಕಿ.ಮೀ., ಮರಳಿ ಐದು. ಬಾಡಿಗೆ ಸೈಕಲ್‌ನ ಸ್ವಭಾವ ತಿಳಿಯಲು ಇಷ್ಟು ಸಾಕು. ಗುಡಿಯ ಮುಂದೆ ದೊಡ್ಡ ಹೊಂಡ, ಅದರ ಸುತ್ತ ಕಲ್ಲಿನ ಮಂಟಪ. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಸಿಗುತ್ತವೆ. ಮೂವತ್ತು ವರ್ಷ ರೊಟ್ಟಿ ಬಡಿದವಳಿಗೆ ಇನ್ನೊಬ್ಬರು ಬಡಿದ ರೊಟ್ಟಿ ತಿನ್ನುವುದೇ ಒಂದು ರಜೆ. ಕತ್ತಲಾಗುವ ಮೊದಲು ಬಾದಾಮಿ ಸೇರಬೇಕು.

ಎರಡನೆಯ ದಿನವೇ ಪ್ರವಾಸದ ಜೀವಾಳ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ. ಹೊತ್ತು ಮೂಡುತ್ತಲೇ ಹೊರಟರೆ ಹತ್ತರ ಸುಮಾರಿಗೆ ತಲುಪುತ್ತೇವೆ. ಮರಳಿ ಬರಲು ಸೈಕಲ್ ತುಳಿಯುವುದಿಲ್ಲ. ನಮ್ಮನ್ನೂ ಸೈಕಲ್‌ಗಳನ್ನೂ ಹೇರಿಕೊಂಡು ಬರಲು ಒಂದು ಟಂಟಂ ಹೇಳಿಟ್ಟಿದ್ದೇವೆ. ಈ ಒಂದು ಏರ್ಪಾಟಿನಿಂದ ದಿನವೆಲ್ಲ ಹಗುರಾಯಿತು. ಮರಳುವ ದಾರಿಯ ಚಿಂತೆ ಇಲ್ಲದಿದ್ದರೆ ಹೋಗುವ ದಾರಿಯಲ್ಲಿ ನಿಲ್ಲಬೇಕೆನಿಸಿದಲ್ಲಿ ನಿಲ್ಲಬಹುದು.

ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ದೊಡ್ಡದಾದ ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಬಂದ ನೆನಪಿಗೆ. ಕಂಚಿಯ ಪಲ್ಲವರ ಗುಡಿಯ ಛಾಯೆ ಇದರಲ್ಲಿದೆ. ಗೆದ್ದ ಊರಿನ ಗುಡಿಯನ್ನು ಕೆಡವದೆ, ಅದರ ಅಂದವನ್ನು ಮನೆಗೆ ತಂದವರ ಕೆಲಸ ಇದು. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಆ ಜಾಗ ಪವಿತ್ರವೆಂದು ನಂಬಿಕೆ. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಊರು ಎಂಬುದು ಹೆಸರಿನಲ್ಲೇ ಇದೆ.

2019ರ ನೆರೆಯಲ್ಲಿ ಈ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ನಮ್ಮ ಕಡೆಯ ಹೊಲಗಳ ಮೇಲೆ ಹರಿದ ಅದೇ ನೀರು. ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಕಲ್ಲುಗಳು ಅದರಲ್ಲಿ ನಿಂತು, ನೀರು ಇಳಿದ ಮೇಲೆ ಮತ್ತೆ ಬಿಸಿಲಿಗೆ ಬಂದವು. ನನ್ನಾಕೆಗೆ ಅಲ್ಲಿ ಕೂತು ಹೊಳೆ ನೋಡಬೇಕೆನಿಸಿದ್ದು ಇದಕ್ಕೇ ಇರಬೇಕು. ಅದನ್ನು ನಾನು ಕೇಳಿಲ್ಲ. ನೆರೆಯ ಆ ಆಗಸ್ಟ್‌ನಿಂದ ಈಚೆಗೆ ಆಕೆ ಹೊಳೆಗೆ ಹೋಗಿರುವುದು ಬಟ್ಟೆ ಒಗೆಯಲು, ಗಂಗೆಪೂಜೆಗೆ, ಅಷ್ಟೇ. ಕೆಲಸವಿಲ್ಲದೆ ಒಂದು ದಿನವೂ ಹೋಗಿಲ್ಲ ಎನ್ನುವುದು ಗೊತ್ತು.

ಹಾಗಾಗಿ ಎರಡನೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹಾಳೆಯಲ್ಲಿ ‘ಹೊಳಿ ದಂಡಿ’ ಎಂದಷ್ಟೇ ಬರೆದಿದೆ. ಅಲ್ಲಿಂದ ಹತ್ತಿರದಲ್ಲೇ ಐಹೊಳೆ ಇದೆಯಲ್ಲ, ಮೂರು ಗಂಟೆಯಲ್ಲಿ ಮುಗಿಸಬಹುದಲ್ಲ ಎಂದು ಮಗಳು ಕೇಳಿದಳು. ‘ದಿನಕ್ಕ ಇಷ್ಟು ಗುಡಿ ಅಂತ ಲೆಕ್ಕಾ ಇಡಾಕ ನಾವೇನು ಪರೀಕ್ಷಿ ಬರಿಯಾಕ ಹೊಂಟೀವೇನು? ಐಹೊಳಿ ಎಲ್ಲಿಗೂ ಹೋಗಂಗಿಲ್ಲ’ ಎಂದಳು ತಾಯಿ. ಐಹೊಳೆ ಮುಂದಿನ ವರ್ಷಕ್ಕೆ ಉಳಿಯಿತು.

ಪಟ್ಟಣದ ಕಡೆ ಎರಡು ದಿನ

ಮೂರನೆಯ ದಿನ ಬೆಳಿಗ್ಗೆ ಸೈಕಲ್ ಮರಳಿಸಿ, ಬಾದಾಮಿಯ ನಾಲ್ಕು ಗುಹೆಗಳನ್ನು ನೋಡುವುದು. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಮಧ್ಯಾಹ್ನ ಮತ್ತೆ ಅದೇ ರೈಲು ಮಾರ್ಗ. ಬಾಗಲಕೋಟೆ ದಾಟಿ, ಆಲಮಟ್ಟಿ ಹತ್ತಿರ ಕೃಷ್ಣೆಯ ದೊಡ್ಡ ಸೇತುವೆ ದಾಟಿ ವಿಜಯಪುರ. ನಮ್ಮೂರ ಸ್ಟೇಷನ್ನಿನ ಹಳಿಯೇ ನಮ್ಮನ್ನು ಹಳ್ಳಿಗೂ ಪಟ್ಟಣಕ್ಕೂ ಒಯ್ಯುತ್ತದೆ. ಎಲ್ಲೂ ಮಾರ್ಗ ಬದಲಿಸುವ ಗೋಜಿಲ್ಲ. ಗಾಡಿಯ ಸಮಯ ಆಗಾಗ ಬದಲಾಗುವುದರಿಂದ ಹೊರಡುವ ವಾರ ಸ್ಟೇಷನ್ನಿನಲ್ಲಿ ಕೇಳಿಕೊಳ್ಳಬೇಕು.

ನಾಲ್ಕನೆಯ ದಿನ ನಸುಕಿನಲ್ಲೇ ಗೋಳಗುಮ್ಮಟ. ಮುಹಮ್ಮದ್ ಆದಿಲ್ ಶಾಹನ ಈ ಗೋರಿ 1656ರ ಹೊತ್ತಿನದು. ಒಳಗೆ ಗುಮ್ಮಟದ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಮೇಲೆ ಸುತ್ತುವ ಪಡಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ಗೋಡೆ ದುಂಡಗಿರುವುದರಿಂದ ದನಿ ನಡುವಿನ ಬಯಲಿನಲ್ಲಿ ಚದುರಿಹೋಗದೆ ಗೋಡೆಗೆ ತಾಗಿ ತಾಗಿ ಆ ಕಡೆ ಮುಟ್ಟುತ್ತದೆ. ಕೂಗಿದರೆ ಏಳೇಳು ಸಲ ಪ್ರತಿಧ್ವನಿ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಆ ಪಿಸುಮಾತು ಯಾರಿಗೂ ಕೇಳುವುದಿಲ್ಲ, ಅದಕ್ಕೇ ನಸುಕು. ಮೇಲೇರಲು ನೂರಕ್ಕೂ ಹೆಚ್ಚು ಮೆಟ್ಟಿಲು, ಅವೂ ಎತ್ತರದವು. ನನ್ನ ಬಲಮೊಣಕಾಲು ತಕರಾರು ಮಾಡುವುದರಿಂದ ಅಂತಸ್ತಿಗೊಮ್ಮೆ ಕೂರುವ ಸಮಯವನ್ನೂ ಆಕೆ ಲೆಕ್ಕಕ್ಕೆ ಹಿಡಿದಿದ್ದಾಳೆ. ಸೈಕಲ್ ದಾರಿಯಲ್ಲಿ ಆಕೆಯ ವೇಗ, ಮೆಟ್ಟಿಲಿನಲ್ಲಿ ನನ್ನ ವೇಗ.

ಅಲ್ಲಿಂದ ಟಾಂಗಾದಲ್ಲಿ ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾಕ್ಕೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸತೊಡಗಿದ ಗೋರಿ ಅದು. ಅರಸನೇ ಮೊದಲು, 1627ರಲ್ಲಿ, ತೀರಿಕೊಂಡ. ಈಗ ಇಬ್ಬರೂ ಅಲ್ಲೇ ಇದ್ದಾರೆ. ಪಟ್ಟದಕಲ್ಲಿನಲ್ಲಿ ಗಂಡನಿಗಾಗಿ ಹೆಂಡತಿ ಕಟ್ಟಿಸಿದ್ದು, ವಿಜಯಪುರದಲ್ಲಿ ಹೆಂಡತಿಗಾಗಿ ಗಂಡ ಕಟ್ಟಿಸಹೊರಟದ್ದು; ಎರಡನ್ನೂ ಒಂದೇ ರೈಲು ಮಾರ್ಗದಲ್ಲಿ ನೋಡಬಹುದು. ಮಧ್ಯಾಹ್ನ ಊಟ, ಪೇಟೆಯಲ್ಲಿ ಅವ್ವನಿಗೊಂದು ಶಾಲು, ಮಗಳಿಗೆ ವಿಜಯಪುರದ ಒಣದ್ರಾಕ್ಷಿ. ಆಮೇಲೆ ಊರಿಗೆ ಗಾಡಿ.

ಹಾಳೆಯನ್ನು ಮೊನ್ನೆ ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಮಗಳಿಗಾಗಿ ಇನ್ನೊಂದು ಹಾಳೆ ಪಕ್ಕದಲ್ಲಿದೆ: ಅಜ್ಜಿಯ ಗುಳಿಗೆಗಳು, ಯಾವುದು ಊಟದ ಮುಂಚೆ, ಯಾವುದು ಆಮೇಲೆ, ಹಾಲಿನವರು ಬರುವ ಹೊತ್ತು, ಆಕಳಿಗೆ ಹಾಕುವ ಮೇವು. ಎರಡನೆಯದೇ ಉದ್ದವಾಗಿದೆ.

ಅವ್ವ ಕಣ್ಣು ಕಿರಿದು ಮಾಡಿ ನಮ್ಮ ಹಾಳೆಯನ್ನು ನೋಡಿದಳು. ಆಕೆಗೆ ಅಕ್ಷರ ಬಾರದು. ಓದಿ ಹೇಳೆಂದಳು. ಸೋಮವಾರ ಮುಂಜಾನೆಯಿಂದ ಗುರುವಾರ ರಾತ್ರಿಯವರೆಗೆ ಎಲ್ಲವನ್ನೂ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, ಸೊಸೆ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು:

‘ಎಲ್ಲಾ ಸರಿ ಬರದಿ, ತಮ್ಮಾ. ಒಂದು ಬರಕೋ. ಗಾಡಿ ಹತ್ತಿದ ಕೂಡ್ಲೆ ಆಕೀನ ಕಿಡಕಿ ಕಡೆ ಕುಂಡ್ರಸು. ಸೇತುವಿ ಲಗೂನ ಬರತೈತಿ.’

ಸೋಮವಾರದ ಮೊದಲ ಸಾಲಿನ ಮೇಲೆ ಜಾಗ ಮಾಡಿ ಅದನ್ನೂ ಬರೆದೆ.