ಬಾನೆಟ್ಟಿನ ಒಳಮೈ

ಒಳಗೆ ಹುಳುಕು, ಹೊರಗೆ ಥಳುಕು ಎಂಬ ಗಾದೆಯನ್ನು ಜನ ಸಾಮಾನ್ಯವಾಗಿ ನೆರೆಮನೆಯವರ ವಿಷಯದಲ್ಲಿ ಬಳಸುವುದುಂಟು. ಬೆಂಗಳೂರಿನ ಬಸವನಗುಡಿಯ ರಾಯರಿಗೆ ಅದನ್ನು ತಮಗೇ ಅನ್ವಯಿಸಿಕೊಳ್ಳಬೇಕಾದ ಪ್ರಸಂಗ 2022ರ ಶ್ರಾವಣದಲ್ಲಿ ಒದಗಿತು. ಈ ಪಾಠ ಹೇಳಿದುದು ಯಾವ ಗುರುವೂ ಅಲ್ಲ, ಯಾವ ಗ್ರಂಥವೂ ಅಲ್ಲ. ಷೆಡ್ಡಿನಲ್ಲಿದ್ದ ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ಟು.

ಕಾರು 1966ರದು. ರಾಯರ ತಂದೆ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ತಂದದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ತಯಾರಿಸುತ್ತಿದ್ದ ಈ ವಾಹನ, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಭೇದವೆಣಿಸದೆ ಹೊತ್ತಿತು. ರಾಯರ ತಂದೆ 1995ರಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಕಾರು ಟಾರ್ಪಾಲಿನ ಕೆಳಗೆ ಮಲಗಿತು. 2012ರಲ್ಲಿ ಮಗಳ ಮದುವೆ ಗೊತ್ತಾದಾಗ ರಾಯರು ಅದನ್ನು ಎಬ್ಬಿಸಿ, ಹೊರಮೈಗೆ ಹಾಲಿನಂಥ ಬಿಳಿಯ ಬಣ್ಣ ಹೊಡೆಸಿದರು. ಬೀಗರು ಮೆಚ್ಚಿದರು. ಛತ್ರದ ಮುಂದೆ ಅದರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳದ ನೆಂಟರಿಲ್ಲ. ಮೆಕ್ಯಾನಿಕ್ಕು ಬಾನೆಟ್ಟನ್ನು ಎತ್ತಿದ್ದುಂಟು. ಆದರೆ ಅವನು ಬಗ್ಗಿ ಇಂಜಿನನ್ನು ನೋಡಿದನೇ ಹೊರತು, ತಲೆಯೆತ್ತಿ ಬಾನೆಟ್ಟಿನ ಒಳಮೈಯನ್ನು ನೋಡಲಿಲ್ಲ. ರಾಯರೂ ನೋಡಲಿಲ್ಲ.

ಹತ್ತು ವರ್ಷಗಳ ತರುವಾಯ ಆ ಬಿಳುಪಿನ ಮೇಲೆ ನಾಲ್ಕಾರು ಗುಳ್ಳೆಗಳು ಎದ್ದವು. ಮೇಲಿಂದ ಮೇಲೆ ಉಜ್ಜಿ ಬಣ್ಣ ತೇಪಿಸಿದರಾಯಿತೆಂದು ರಾಯರು ಪೇಂಟರ್ ಮೇಸ್ತ್ರಿಯನ್ನು ಕರೆಸಿದರು. ಎಪ್ಪತ್ತರ ಅಂಚಿನ ಆ ಮನುಷ್ಯ ಗುಳ್ಳೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ, "ಸ್ವಾಮಿ, ಈ ಕಾಯಿಲೆ ಮೇಲಿನಿಂದ ಬಂದದ್ದಲ್ಲ" ಎಂದು ಬಾನೆಟ್ಟನ್ನು ಎತ್ತಿ ನಿಲ್ಲಿಸಿದ.

ಬಾನೆಟ್ಟು ನೋಡುವವರಿಗೆ ಒಂದೇ ತಗಡು. ಆದರೆ ಅದು ಅದುರದಂತೆ, ಬಾಗದಂತೆ ಹಿಡಿದಿಡಲು ಒಳಗಡೆ ಪಕ್ಕೆಲುಬುಗಳ ಹಾಗೆ ಬಿಗಿಪಟ್ಟಿಗಳಿರುತ್ತವೆ. ಪಟ್ಟಿಗೂ ತಗಡಿಗೂ ನಡುವಿನ ಸಂದಿನಲ್ಲಿ ತೇವ ಸೇರುತ್ತದೆ. ಅದರ ಮೇಲೆ ಇಂಜಿನಿನ ಕಾವು, ಎಣ್ಣೆಯ ಹಬೆ, ಬ್ಯಾಟರಿಯ ಆಮ್ಲದ ಆವಿ. ಇಷ್ಟು ಸಾಲದೆಂಬಂತೆ ಸದ್ದಡಗಿಸಲು ಯಾರೋ ಅಂಟಿಸಿದ್ದ ಕಂಬಳಿಯಂಥ ಹೊದಿಕೆ ತೇವವನ್ನು ಹೀರಿ ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಮೇಸ್ತ್ರಿ ಅದನ್ನು ಎಳೆದಾಗ ಅದರ ಜೊತೆಯಲ್ಲಿ ತುಕ್ಕಿನ ಹಕ್ಕಳೆಗಳೂ ಉದುರಿದವು.

"ಅಪ್ಪ, ಮೇಲೆ ಸರಿಮಾಡಿಸಿದರೆ ಸಾಲದೆ? ಒಳಗೆ ಯಾರು ನೋಡುತ್ತಾರೆ?" ಎಂದ ಮಗ.

ರಾಯರು ಉತ್ತರ ಕೊಡಲಿಲ್ಲ. ಹತ್ತು ವರ್ಷಗಳ ಹಿಂದೆ ತಾವೂ ಹೀಗೆಯೇ ಯೋಚಿಸಿದ್ದುದು ಅವರಿಗೆ ನೆನಪಾಗಿರಬೇಕು.

ಕೀಲುಗಳ ಜಾಗವನ್ನು ಪೆನ್ಸಿಲಿನಿಂದ ಗುರುತುಮಾಡಿ ಬೋಲ್ಟುಗಳನ್ನು ಬಿಚ್ಚಿದರು. ಆ ಗುರುತು ತಪ್ಪಿದರೆ ಬಾನೆಟ್ಟು ಮತ್ತೆ ತನ್ನ ಚೌಕಟ್ಟಿನಲ್ಲಿ ಸಮನಾಗಿ ಕೂಡದು. ತಂದೆ, ಮಗ, ಮೇಸ್ತ್ರಿ ಮೂವರೂ ಅದನ್ನು ಎತ್ತಿ, ಹಳೆಯ ಜಮಖಾನ ಹಾಸಿದ ಬೆಂಚುಗಳ ಮೇಲೆ ಮಗುಚಿ ಮಲಗಿಸಿದರು. ಮಗ ಉತ್ಸಾಹದಿಂದ ಮರಳುಕಾಗದ ಹಿಡಿದನು, ಮೇಸ್ತ್ರಿ ತಡೆದ. ಜಿಡ್ಡು ತೆಗೆಯುವ ಮೊದಲೇ ಉಜ್ಜಿದರೆ ಎಣ್ಣೆ ಗೀರುಗಳೊಳಗೆ ಇಳಿದು, ಮುಂದೆ ಹೊಡೆದ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣುಗಳಂತೆ ಕುಳಿಬೀಳುತ್ತದೆ. ಆದುದರಿಂದ ಮೊದಲು ಸೀಮೆಎಣ್ಣೆ, ಅನಂತರ ಸಾಬೂನಿನ ನೀರು.

ಕಪ್ಪು ಜಿಡ್ಡು ಕರಗಿದಂತೆ ಕೀಲಿನ ಮರೆಯಲ್ಲಿ ಕಾರಿನ ಮೂಲದ ಬೂದುನೀಲಿ ಬಣ್ಣ ಕಾಣಿಸಿತು. ಇನ್ನೊಂದು ಕೈ ಒರಸಿದಾಗ, ಎರಡು ಪಟ್ಟಿಗಳ ನಡುವಣ ಬಯಲಿನಲ್ಲಿ ಕೆಂಪು ಅಕ್ಷರಗಳು ಒಂದೊಂದಾಗಿ ಮೂಡಿದವು. ‘14-3-71 ಎಣ್ಣೆ ಬದಲು.’ ಅದರ ಕೆಳಗೆ ಇನ್ನೊಂದು, ಮತ್ತೊಂದು. ಮೂರು ಸಾಲು ತುಂಬ ತಾರೀಖುಗಳು. ಭಾನುವಾರಗಳಲ್ಲಿ ತಂದೆ ಎಣ್ಣೆ ಬದಲಾಯಿಸಿ, ಸೀಗೆಪುಡಿಯಿಂದ ಕೈ ತೊಳೆದು, ಸಣ್ಣ ಕುಂಚದಿಂದ ಅಲ್ಲಿ ಬರೆಯುತ್ತಿದ್ದರು. ಬಣ್ಣದ ಡಬ್ಬಿ ಹಿಡಿದು ನಿಲ್ಲುವುದು ಬಾಲಕನಾಗಿದ್ದ ರಾಯರ ಪಾಲಿನ ಕೆಲಸ. ಕಡೆಯ ತಾರೀಖು 1994ರದು. ಆಮೇಲೆ ಬಯಲು ಬರಿದು. ಅಲ್ಲಿ ತಾವು ಬರೆಯಬೇಕಾಗಿದ್ದ ಸಾಲುಗಳನ್ನು ರಾಯರು ಬಹಳ ಹೊತ್ತು ನೋಡುತ್ತ ನಿಂತರು.

ಈಗ ಮಗನ ಮನಸ್ಸು ತಿರುಗಿತ್ತು. "ಇದನ್ನು ಅಳಿಸುವುದು ಬೇಡ, ಅಪ್ಪ. ಮೇಲೆ ತಿಳಿ ವಾರ್ನಿಷ್ ಬಳಿದು ಹಾಗೆಯೇ ಉಳಿಸೋಣ. ತಾತನ ಕೈಬರಹವಲ್ಲವೆ!"

ಮೇಸ್ತ್ರಿ ತಲೆಯಲ್ಲಾಡಿಸಿದ. ಚೂಪಾದ ಕಡ್ಡಿಯಿಂದ ಒಂದು ತಾರೀಖನ್ನು ಮೆಲ್ಲನೆ ತಟ್ಟಿದ. ಅಕ್ಷರ ಸಿಪ್ಪೆಯಂತೆ ಎದ್ದಿತು. ಅಡಿಯಲ್ಲಿ ತುಕ್ಕು. "ಇದರ ಮೇಲೆ ವಾರ್ನಿಷ್ ಬಳಿದರೆ ತುಕ್ಕಿಗೆ ಕಂಬಳಿ ಹೊದಿಸಿದ ಹಾಗೆ, ಸ್ವಾಮಿ. ಒಳಗೇ ಬೆಚ್ಚಗೆ ಬೆಳೆಯುತ್ತದೆ. ಬರಹ ಉಳಿಯಬೇಕೋ, ಗಾಡಿ ಉಳಿಯಬೇಕೋ, ತಾವೇ ಹೇಳಿ."

ಆ ದಿನ ಕೆಲಸ ಅಲ್ಲಿಗೇ ನಿಂತಿತು. ರಾತ್ರಿ ರಾಯರು ಟಾರ್ಚು ಹಿಡಿದು ಷೆಡ್ಡಿಗೆ ಹೋಗಿ, ತಾರೀಖುಗಳೆಲ್ಲವನ್ನೂ ಒಂದು ನೋಟುಪುಸ್ತಕಕ್ಕೆ ಇಳಿಸಿಕೊಂಡರು. ಮಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ. ತಂದೆ ಅಲ್ಲಿ ಬರೆದುದು ಮಕ್ಕಳು ಓದಿ ಕಣ್ಣು ಒದ್ದೆಮಾಡಿಕೊಳ್ಳಲೆಂದಲ್ಲ. ಮುಂದಿನ ಸಲ ಎಣ್ಣೆ ಬದಲಾಯಿಸುವುದು ತಪ್ಪದಿರಲೆಂದು. ಬರಹವನ್ನು ಕಾಪಾಡಿ ಕಾರನ್ನು ಕೊಳೆಯಬಿಟ್ಟರೆ ಆ ಬರಹಕ್ಕೆ ಅರ್ಥವೇನು?

ಬೆಳಿಗ್ಗೆ ಮೇಸ್ತ್ರಿ ಬೇರೆ ಭಾಗಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಆ ಬಯಲನ್ನು ಮಾತ್ರ ಬಿಟ್ಟು, ಮರಳುಕಾಗದವನ್ನು ರಾಯರ ಕೈಗೆ ಕೊಟ್ಟ. "ಇದನ್ನು ತಾವೇ ಮಾಡಿ." ರಾಯರಿಗೆ ಒಂದು ಗಂಟೆ ಹಿಡಿಯಿತು. ಅಂಗೈಯೆಲ್ಲ ಕೆಂಪು ಪುಡಿ. ಅದರಲ್ಲಿ ತುಕ್ಕೆಷ್ಟು, ತಂದೆಯ ಅಕ್ಷರವೆಷ್ಟು ಎಂದು ಹೇಳುವಂತಿರಲಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರವ ಹಚ್ಚಿದಾಗ ಅದು ಕಪ್ಪಿಟ್ಟಿತು. ತೊಳೆದು ಒಣಗಿಸಿದ ತಗಡನ್ನು ಬರಿಗೈಯಿಂದ ಮುಟ್ಟಕೂಡದೆಂದು ಮೇಸ್ತ್ರಿಯ ಅಪ್ಪಣೆ. ಬೆವರಿನ ಉಪ್ಪು ಸಾಕು, ಬೆತ್ತಲೆ ತಗಡಿಗೆ ಮತ್ತೆ ತುಕ್ಕು ಹಿಡಿಸಲು. ಅದೇ ದಿನ ಪ್ರೈಮರು ಬಿತ್ತು. ಸಂದುಗಳಿಗೆ ಸೀಲರು ತುಂಬಿದರು. ಆದರೆ ಅಂಚಿನ ಸಣ್ಣ ತೂತುಗಳನ್ನು ಮೇಸ್ತ್ರಿ ಮುಚ್ಚಗೊಡಲಿಲ್ಲ. "ನೀರು ಬರುವುದನ್ನು ಪೂರಾ ತಡೆಯಲಾಗದು, ಸ್ವಾಮಿ. ಹೋಗುವ ದಾರಿ ಇಟ್ಟಿರಬೇಕು."

ಬಣ್ಣಕ್ಕೆ ಮಾತ್ರ ಐದು ದಿನ ಕಾಯಬೇಕಾಯಿತು. ಮಳೆ ಹಿಡಿದ ಹವೆಯಲ್ಲಿ ಥಿನ್ನರು ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು, ಬಣ್ಣ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಆರನೆಯ ದಿನ ಬಿಸಿಲು ಬಂದಿತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೊಂದಿಸಿ ತಂದ ಬೂದುನೀಲಿಯನ್ನು ತೆಳುವಾಗಿ ಮೂರು ಸಲ ಹೊಡೆದರು. ದಪ್ಪನಾಗಿ ಹೊಡೆದರೆ ಪಟ್ಟಿಗಳ ಮೂಲೆಯಲ್ಲಿ ಇಳಿಬೀಳುತ್ತದೆ, ಕಾಲಕ್ರಮದಲ್ಲಿ ಬಿರಿಯುತ್ತದೆ. ಹೊರಗಡೆ ಮಗಳ ಮದುವೆಯ ಬಿಳುಪು ಹಾಗೆಯೇ ಉಳಿಯಿತು, ಗುಳ್ಳೆಗಳಿಲ್ಲದೆ. ಒಳಗಡೆ ತಂದೆಯ ಕಾಲದ ಬಣ್ಣ.

ಬಾನೆಟ್ಟು ತನ್ನ ಗುರುತಿಗೆ ಸರಿಯಾಗಿ ಕುಳಿತ ಭಾನುವಾರ ರಾಯರು ಎಣ್ಣೆ ಬದಲಾಯಿಸಿ, ಕೈ ತೊಳೆದು, ಬಯಲಿನ ಮೇಲ್ತುದಿಯಲ್ಲಿ ತಾರೀಖು ಬರೆದರು. ಅರವತ್ತೈದು ದಾಟಿದ ಕೈ ಸ್ವಲ್ಪ ನಡುಗಿ ಅಕ್ಷರ ಸೊಟ್ಟಗಾಯಿತು. ಕುಂಚವನ್ನೂ ಕೆಂಪು ಬಣ್ಣದ ಡಬ್ಬಿಯನ್ನೂ ಷೆಡ್ಡಿನ ಗೂಡಿನಲ್ಲಿ ಇಟ್ಟರು.

2023ರ ಯುಗಾದಿಯ ಹಿಂದಿನ ದಿನ ರೇಡಿಯೇಟರಿಗೆ ನೀರು ಹಾಕಲೆಂದು ಅವರು ಬಾನೆಟ್ಟನ್ನು ಎತ್ತಿದರು. ಸೊಟ್ಟ ಸಾಲಿನ ಕೆಳಗೆ ಇನ್ನೊಂದು ತಾರೀಖಿತ್ತು. ಅಕ್ಷರ ನೆಟ್ಟಗಿತ್ತು, ಅದು ಅವರದಲ್ಲ.